ಸ್ವಯಂಸೇವೆಗೂ ಲೆಕ್ಕಪುಸ್ತಕ ಬೇಕು

ಗಡಿನಾಡು ಕಾಸರಗೋಡಿನ ಮಣ್ಣಿನಲ್ಲಿ ನನಗೆ ಅಕ್ಷರ ಕಲಿಸಿದ ಈ ಕನ್ನಡ ಶಾಲೆಯು ಐವತ್ತು ಸಂವತ್ಸರಗಳನ್ನು ಪೂರೈಸಿರುವ ಈ ಶುಭ ಸಂದರ್ಭದಲ್ಲಿ, ಕಂಪ್ಯೂಟರ್ ಕ್ಷೇತ್ರದಲ್ಲಿ ನಾನು ಕಲಿತ ಒಂದು ಪಾಠವನ್ನು ಹಳೆ ವಿದ್ಯಾರ್ಥಿ ಬಂಧುಗಳ ಮುಂದಿಡಲು ಬಯಸುತ್ತೇನೆ. ಅದು ಯಂತ್ರದ ಪಾಠವಲ್ಲ, ಹಣದ ಪಾಠ.

ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ತಂತ್ರಾಂಶವನ್ನು ಮುಕ್ತ ತಂತ್ರಾಂಶವೆನ್ನುತ್ತಾರೆ. ಇಂತಹ ಅನೇಕ ತಂತ್ರಾಂಶಗಳನ್ನು ಸ್ವಯಂಸೇವಕರೇ ಕಟ್ಟುತ್ತಾರೆ. ದುಡಿಮೆ ಉಚಿತವಾದರೂ ಸರ್ವರಿನ ಬಾಡಿಗೆ, ಸಭೆಯ ಪ್ರಯಾಣವೆಚ್ಚಗಳು ಉಚಿತವಲ್ಲ. ಆದುದರಿಂದ ದೇಣಿಗೆ ಬೇಕಾಗುತ್ತದೆ.

ಕೆಲವು ವರ್ಷಗಳ ಹಿಂದೆ ನಾವು ಐವರು ಗೆಳೆಯರು ಅಂತಹದೊಂದು ಸಣ್ಣ ಕೆಲಸಕ್ಕೆ ಕೈಹಾಕಿದೆವು. ಬಂದ ದೇಣಿಗೆಯೆಲ್ಲ ಒಬ್ಬ ಗೆಳೆಯನ ಸ್ವಂತ ಬ್ಯಾಂಕ್ ಖಾತೆಗೆ ಜಮೆಯಾಗುತ್ತಿತ್ತು. ಆತ ಉದ್ಯೋಗಕ್ಕಾಗಿ ವಿದೇಶಕ್ಕೆ ಹೋದಾಗ ಬಾಡಿಗೆ ಕಟ್ಟುವವರಿಲ್ಲದೆ ಸರ್ವರ್ ನಿಂತುಹೋಯಿತು. ಎಷ್ಟು ಬಂತು, ಎಷ್ಟು ಹೋಯಿತು ಎಂದು ಕೇಳಿದರೆ ಹೇಳಲು ಪುಸ್ತಕವಿರಲಿಲ್ಲ. ಯಾರೂ ಒಂದು ಕಾಸನ್ನೂ ಕದ್ದಿರಲಿಲ್ಲ. ಆದರೂ ಸಂಶಯ ಹುಟ್ಟಿ, ಗೆಳೆತನ ಮುರಿಯಿತು. ಅದರ ನೋವು ಇಂದಿಗೂ ನನ್ನಲ್ಲಿದೆ.

ಅನಂತರ ನಾನು ಡೆಬಿಯನ್ ಯೋಜನೆಯ ವ್ಯವಸ್ಥೆಯನ್ನು ಅಭ್ಯಸಿಸಿದೆ. ಅದನ್ನು 1993ರಲ್ಲಿ ಅಮೆರಿಕದ ಇಯಾನ್ ಮರ್ಡಾಕ್ ಆರಂಭಿಸಿದರು. ನಾನಾ ದೇಶಗಳ ಸ್ವಯಂಸೇವಕರು ಕೂಡಿ ನಡೆಸುವ ಆ ಯೋಜನೆ ಸ್ವತಃ ನೋಂದಾಯಿತ ಸಂಸ್ಥೆಯಲ್ಲ. ಅದರ ಹಣವನ್ನು ಕಾಯಲೆಂದೇ 1997ರಲ್ಲಿ 'ಸಾಫ್ಟ್‌ವೇರ್ ಇನ್ ದ ಪಬ್ಲಿಕ್ ಇಂಟರೆಸ್ಟ್' ಎಂಬ ಲಾಭರಹಿತ ಸಂಸ್ಥೆ ನ್ಯೂಯಾರ್ಕ್ ರಾಜ್ಯದಲ್ಲಿ ನೋಂದಣಿಯಾಯಿತು. 1998ರಲ್ಲಿ ಡೆಬಿಯನ್ ತನ್ನ ಸಂವಿಧಾನವನ್ನು ಅಂಗೀಕರಿಸಿತು. ಅದರನ್ವಯ ಸದಸ್ಯರು ಪ್ರತಿವರ್ಷ ಮತದಿಂದ ನಾಯಕರನ್ನು ಆರಿಸುತ್ತಾರೆ. ಸದಸ್ಯರೊಡನೆ ಸಮಾಲೋಚಿಸಿ ವೆಚ್ಚವನ್ನು ನಿರ್ಧರಿಸುವವರು ನಾಯಕರು. ಹಣವನ್ನು ಇಟ್ಟುಕೊಂಡು ಪಾವತಿಸುವುದು ಆ ಸಂಸ್ಥೆ. ದೇಣಿಗೆಯ ಶೇಕಡಾ 5 ಭಾಗವನ್ನು ಸಂಸ್ಥೆಯು ನಿರ್ವಹಣೆಗೆಂದು ಇಟ್ಟುಕೊಳ್ಳುತ್ತದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್, ಆರ್ಚ್ ಲಿನಕ್ಸ್ ಮೊದಲಾದ ಯೋಜನೆಗಳೂ ಇದೇ ಆಶ್ರಯವನ್ನು ಪಡೆದಿವೆ.

ಇದರ ತಿರುಳು ಸರಳ: ಖರ್ಚನ್ನು ಮಂಜೂರು ಮಾಡುವ ಕೈ ಬೇರೆ, ಪೆಟ್ಟಿಗೆಯ ಬೀಗ ಹಿಡಿದ ಕೈ ಬೇರೆ. ನಾಯಕರು ಬದಲಾದರೂ ಹಣ ಕದಲುವುದಿಲ್ಲ.

ಹೊಸದಾಗಿ ತಂಡ ಕಟ್ಟುವ ಕಿರಿಯರಿಗೆ ನನ್ನ ವಿನಂತಿಯಿಷ್ಟು. ಮೊದಲ ರೂಪಾಯಿ ಬರುವ ಮುನ್ನವೇ ನಿಯಮ ಬರೆದಿಡಿ. ಸ್ವಂತ ಖಾತೆಯಲ್ಲಿ ಸಾರ್ವಜನಿಕ ಹಣವನ್ನಿಡಬೇಡಿ. ಸಂಘವನ್ನು ನೋಂದಾಯಿಸಿರಿ, ಇಲ್ಲವೇ ನೋಂದಾಯಿತ ಸಂಸ್ಥೆಯೊಂದರ ಆಶ್ರಯ ಪಡೆಯಿರಿ. ಖಾತೆಗೆ ಇಬ್ಬರ ಸಹಿಯಿರಲಿ. ಎಷ್ಟು ಮೊತ್ತದವರೆಗೆ ಯಾರು ಮಂಜೂರು ಮಾಡಬಹುದೆಂಬುದು ಎಲ್ಲರಿಗೂ ತಿಳಿದಿರಲಿ. ಒಂದು ವರ್ಷದ ಸರ್ವರ್ ಬಾಡಿಗೆಯಷ್ಟಾದರೂ ಆಪದ್ಧನವಿರಲಿ. ವಿದೇಶದ ದೇಣಿಗೆ ಸ್ವೀಕರಿಸಲು ನಮ್ಮ ದೇಶದ ಸಂಘಗಳಿಗೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆಯಂತೆ ನೋಂದಣಿ ಅಥವಾ ಪೂರ್ವಾನುಮತಿ ಬೇಕೆಂಬುದನ್ನು ಮರೆಯಬೇಡಿ. ವರ್ಷಕ್ಕೊಮ್ಮೆ ಜಮಾಖರ್ಚನ್ನು ಪ್ರಕಟಿಸಿರಿ.

ನಮ್ಮ ಹೆಡ್‌ಮಾಸ್ತರರು ವಾರ್ಷಿಕೋತ್ಸವದ ಮರುವಾರ ಊರವರನ್ನು ಕರೆದು, ಗ್ಯಾಸ್‌ಲೈಟಿನ ಬಾಡಿಗೆಯಿಂದ ಬೆಲ್ಲದ ಅಚ್ಚಿನವರೆಗೆ ಖರ್ಚಿನ ಪಟ್ಟಿಯನ್ನು ಓದಿಹೇಳುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಕುಳಿತ ನಾವು ಆಕಳಿಸುತ್ತಿದ್ದೆವು. ಈ ಶಾಲೆಯ ಮೇಲೆ ಊರಿಗಿರುವ ನಂಬಿಕೆಗೆ ಆ ಪಟ್ಟಿಯೇ ಅಡಿಗಲ್ಲೆಂಬುದು ಒಬ್ಬ ಗೆಳೆಯನನ್ನು ಕಳೆದುಕೊಂಡ ಮೇಲೆ ನನಗೆ ತಿಳಿಯಿತು. ಆ ಗುರುಹಿರಿಯರಿಗೆ ವಂದಿಸುತ್ತಾ, ಶಾಲೆಯು ಶತಮಾನೋತ್ಸವವನ್ನೂ ಕಾಣಲೆಂದು ಹಾರೈಸುತ್ತೇನೆ.