ಬಲೆ ಬೇರೆ, ಗಾಳ ಬೇರೆ

‘ಲೋಕಾಯುಕ್ತ ಬಲೆಗೆ ಸರ್ವೇಯರ್’. ಇಂಥದೊಂದು ತಲೆಬರಹ ಇಲ್ಲದ ವಾರ ನಮ್ಮ ಪತ್ರಿಕೆಗಳಲ್ಲಿ ಅಪರೂಪ. ಮೇಜಿನ ಮೇಲೆ ಹರಡಿದ ನೋಟು, ಬಾಟಲಿಯಲ್ಲಿ ಗುಲಾಬಿ ಬಣ್ಣದ ನೀರು, ತಲೆ ತಗ್ಗಿಸಿ ಕೂತ ನೌಕರ. ಓದಿದವರು ‘ಹಾಗೇ ಆಗಬೇಕು’ ಎನ್ನುತ್ತಾರೆ. ಅದೇ ಕಚೇರಿಯವರು ಮಾತ್ರ ಟೀ ಅಂಗಡಿಯಲ್ಲಿ ದನಿ ತಗ್ಗಿಸಿ, ‘ಅವನೇನೂ ಕೇಳಿರಲಿಲ್ಲವಂತೆ, ಬೇಕೆಂದೇ ಸಿಕ್ಕಿಸಿದರು’ ಎನ್ನುತ್ತಾರೆ. ಈ ಎರಡನೆಯ ಮಾತು ಎಷ್ಟೋ ಸಲ ಬರೀ ಅನುಕಂಪ. ಆದರೆ ಕೆಲವೊಮ್ಮೆ ಅದು ನಿಜವೂ ಆಗಿರುತ್ತದೆ. ಆಗ ಕಾನೂನು ಏನು ಮಾಡುತ್ತದೆ?

ಮೀನು ಹಿಡಿಯುವವರನ್ನು ಕೇಳಿ. ಬಲೆ ಮೀನು ಓಡಾಡುವ ದಾರಿಯಲ್ಲಿ ಸುಮ್ಮನೆ ಕಾದಿರುತ್ತದೆ. ಗಾಳ ಎರೆಹುಳು ತೋರಿಸಿ ಕರೆಯುತ್ತದೆ.

ಒಬ್ಬ ರೈತ ಪೋಡಿಗೆ ಅರ್ಜಿ ಕೊಟ್ಟು ಎಂಟು ತಿಂಗಳಾಯಿತು ಎಂದಿಟ್ಟುಕೊಳ್ಳಿ. ಸರ್ವೇಯರ್ ಇಪ್ಪತ್ತು ಸಾವಿರ ಕೇಳಿ, ಹದಿನೈದಕ್ಕೆ ಇಳಿದಿದ್ದಾನೆ. ಬೇಸತ್ತ ರೈತ ಲೋಕಾಯುಕ್ತ ಪೊಲೀಸರ ಬಳಿಗೆ ಹೋಗುತ್ತಾನೆ. ಪೊಲೀಸರು ಬಾಗಿಲ ಹೊರಗೆ ನಿಲ್ಲುತ್ತಾರೆ. ಇದು ಬಲೆ. ಇನ್ನೊಂದು ಕಚೇರಿಯಲ್ಲಿ ಸರ್ವೇಯರ್ ಏನೂ ಕೇಳಿಲ್ಲ. ಹಳೆಯ ಸಿಟ್ಟು ಇಟ್ಟುಕೊಂಡವನೊಬ್ಬ ಬಂದು ‘ಇಟ್ಕೊಳ್ಳಿ ಸಾರ್, ಮಕ್ಕಳ ಫೀಸಿಗಾಗುತ್ತೆ’ ಎಂದು ಮೂರು ಸಲ ಒತ್ತಾಯಿಸುತ್ತಾನೆ. ಮೂರು ಸಲವೂ ಬೇಡವೆಂದವನು ನಾಲ್ಕನೆಯ ಸಲ ಡ್ರಾಯರ್ ಎಳೆಯುತ್ತಾನೆ. ಹಿಂದೆಯೇ ಪೊಲೀಸರು. ಇದು ಗಾಳ. ಕಾನೂನಿನವರು ಇದನ್ನು ಎಂಟ್ರ್ಯಾಪ್‌ಮೆಂಟ್ ಎನ್ನುತ್ತಾರೆ. ಅಪರಾಧದ ಯೋಚನೆಯೇ ಇಲ್ಲದವನ ತಲೆಯೊಳಗೆ ಅದನ್ನು ಬಿತ್ತಿ, ಬೆಳೆದ ಮೇಲೆ ಕೊಯ್ಯಲು ಬರುವುದು.

ಈ ವಾದ ಹುಟ್ಟಿ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿ ಪಾನನಿಷೇಧ ಇದ್ದ ಕಾಲ. 1930ರಲ್ಲಿ ನಾರ್ತ್ ಕೆರೊಲಿನಾದಲ್ಲಿ ಅಬಕಾರಿ ಏಜೆಂಟನೊಬ್ಬ ಪ್ರವಾಸಿಯ ವೇಷದಲ್ಲಿ ಮಾಜಿ ಸೈನಿಕನೊಬ್ಬನ ಮನೆಗೆ ಹೋದ. ತಾನೂ ಅದೇ ದಳದಲ್ಲಿ ಯುದ್ಧ ಮಾಡಿದವನೆಂದು ಹಳೆಯ ನೆನಪು ತೆಗೆದ, ನಡುನಡುವೆ ಮದ್ಯ ಕೇಳಿದ. ಇಲ್ಲವೆಂದ ಮೇಲೂ ಬಿಡಲಿಲ್ಲ. ಕಡೆಗೆ ಆತ ಎದ್ದುಹೋಗಿ ಅರ್ಧ ಗ್ಯಾಲನ್ ವಿಸ್ಕಿ ತಂದು ಐದು ಡಾಲರಿಗೆ ಕೊಟ್ಟ, ಸಿಕ್ಕಿಬಿದ್ದ. 1932ರ ಸೋರೆಲ್ಸ್ ತೀರ್ಪಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಈ ಪ್ರಚೋದನೆಯನ್ನು ಆರೋಪಿ ತನ್ನ ರಕ್ಷಣೆಗೆ ಮುಂದಿಡಬಹುದು ಎಂದಿತು. ಇಂಗ್ಲೆಂಡಿನಲ್ಲಿ ಇದು ಖುಲಾಸೆಯ ವಾದವಲ್ಲ. ಆದರೆ ಪೊಲೀಸರೇ ಅಪರಾಧ ಮಾಡಿಸಿದ್ದರೆ ವಿಚಾರಣೆಯನ್ನೇ ತಡೆಯಬಹುದೆಂದು 2001ರಲ್ಲಿ ಹೌಸ್ ಆಫ್ ಲಾರ್ಡ್ಸ್ ಹೇಳಿತು.

ನಮ್ಮಲ್ಲಿ? ಭಾರತೀಯ ನ್ಯಾಯ ಸಂಹಿತೆಯನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದರೂ ಎಂಟ್ರ್ಯಾಪ್‌ಮೆಂಟ್ ಎಂಬ ವಿನಾಯಿತಿ ಸಿಗುವುದಿಲ್ಲ. ಹಳೆಯ ದಂಡ ಸಂಹಿತೆಯಲ್ಲೂ ಇರಲಿಲ್ಲ. ಇರುವುದು ಸುಪ್ರೀಂ ಕೋರ್ಟ್ ಎಪ್ಪತ್ತು ವರ್ಷಗಳಿಂದ ಕಟ್ಟಿಕೊಂಡು ಬಂದ ಒಂದು ದಾರಿ. ಅದರ ಮೊದಲ ಮೈಲಿಗಲ್ಲು 1954ರ ಶಿವ ಬಹಾದೂರ್ ಸಿಂಗ್ ಪ್ರಕರಣ. ಆತ ವಿಂಧ್ಯ ಪ್ರದೇಶದ ಕೈಗಾರಿಕಾ ಸಚಿವ. ಪನ್ನಾದ ವಜ್ರದ ಗಣಿಗೆ ಸಂಬಂಧಿಸಿದಂತೆ 25,000 ರೂಪಾಯಿ ಲಂಚದ ಆರೋಪ. ಕೊಡುವವನ ಬಳಿ ಹಣವಿರಲಿಲ್ಲ, ಪೊಲೀಸರೇ ಹೊಂದಿಸಿದರು. ಕೋರ್ಟ್ ಇದನ್ನು ಖಾರವಾಗಿ ಖಂಡಿಸಿತು. ಅಪರಾಧ ತಡೆಯುವುದು ಪೊಲೀಸರ ಕೆಲಸ, ಅದಕ್ಕೆ ಸಾಮಗ್ರಿ ಒದಗಿಸುವುದಲ್ಲ ಎಂದಿತು. ಇಷ್ಟೆಲ್ಲ ಹೇಳಿಯೂ ಸಚಿವನ ಶಿಕ್ಷೆಯನ್ನು ಎತ್ತಿಹಿಡಿಯಿತು! ನಮ್ಮ ಕಾನೂನಿನ ಸ್ವಭಾವ ಇಲ್ಲೇ ಗೊತ್ತಾಗುತ್ತದೆ. ಪೊಲೀಸರನ್ನು ಬೈಯುತ್ತದೆ, ಹಾಗೆಂದು ಲಂಚ ತಿಂದವನನ್ನು ಬಿಟ್ಟುಬಿಡುವುದಿಲ್ಲ.

ಎರಡು ವರ್ಷದ ನಂತರ ರಾಮಜನಮ್ ಸಿಂಗ್ ಪ್ರಕರಣದಲ್ಲಿ ನ್ಯಾಯಮೂರ್ತಿ ವಿವಿಯನ್ ಬೋಸ್ ಅವರು ಬರೆದ ಸಾಲುಗಳು ಬೇರೆಯದೇ ತೂಕದವು. ಎಂಥ ಒಳ್ಳೆಯವನಿಗೂ ಮನಸ್ಸು ಜಾರುವ ಗಳಿಗೆ ಬರುತ್ತದೆ, ಎಂಥ ಕೆಟ್ಟವನೂ ಒಮ್ಮೊಮ್ಮೆ ಕೆಟ್ಟ ಯೋಚನೆಯಿಂದ ಹಿಂದೆ ಸರಿಯುತ್ತಾನೆ. ಹಾಗೆ ಸರಿದವನ ಮುಂದೆ ಸರ್ಕಾರವೇ ಮತ್ತೆ ಆಮಿಷ ಹಿಡಿಯಬಾರದು ಎಂಬುದು ಅವರ ಮಾತಿನ ಸಾರ. ವಕೀಲರು ಈಗಲೂ ಇದನ್ನು ಕೋರ್ಟಿನಲ್ಲಿ ಓದುತ್ತಾರೆ. 1958ರಲ್ಲಿ ಬಸಾವನ್ ಸಿಂಗ್ ಪ್ರಕರಣ ಬಂದಾಗ, ಹೀಗೆ ಹಿಡಿಯುವ ಟ್ರ್ಯಾಪ್‌ಗಳನ್ನು ಎರಡಾಗಿ ನೋಡುವ ಮಾತು ಕೋರ್ಟಿನ ಮುಂದೆ ಬಂತು. ನ್ಯಾಯಬದ್ಧ ಟ್ರ್ಯಾಪ್ ಒಂದು, ನ್ಯಾಯಬಾಹಿರ ಟ್ರ್ಯಾಪ್ ಇನ್ನೊಂದು. ಲಂಚದ ಬೇಡಿಕೆ ಮೊದಲೇ ಇದ್ದು, ಪೊಲೀಸರು ಹಿಡಿಯಲು ಹೋದರೆ ಮೊದಲನೆಯದು. ಬೇಡಿಕೆಯೇ ಇಲ್ಲದಿದ್ದಾಗ ಆಸೆ ತೋರಿಸಲು ಹೋದರೆ ಎರಡನೆಯದು. ಎರಡನೆಯದಾದರೆ ಕೇಸು ತಾನಾಗಿ ಬೀಳುವುದಿಲ್ಲ. ಹಿಡಿದವರ ಸಾಕ್ಷ್ಯವನ್ನು ಕೋರ್ಟ್ ಅನುಮಾನದ ಕಣ್ಣಿನಿಂದ ನೋಡುತ್ತದೆ, ಬೇರೆ ಕಡೆಯಿಂದ ಗಟ್ಟಿ ಬೆಂಬಲ ಕೇಳುತ್ತದೆ.

ಹಾಗಾದರೆ ‘ನಾನು ಕೇಳಲಿಲ್ಲ, ಅವನೇ ತಂದುಕೊಟ್ಟ’ ಎಂದರೆ ಪಾರಾಗಬಹುದೇ? ಇಲ್ಲ. ಈ ತಪ್ಪು ತಿಳಿವಳಿಕೆ ಸರ್ಕಾರಿ ನೌಕರರಲ್ಲಿ ಬಹಳ ಇದೆ. ಭ್ರಷ್ಟಾಚಾರ ನಿಗ್ರಹ ಕಾಯ್ದೆ 1988ರ 7ನೇ ಸೆಕ್ಷನ್ ಪ್ರಕಾರ ಕೇಳದೇ ಬಂದ ಲಂಚವನ್ನು ಒಪ್ಪಿಕೊಳ್ಳುವುದೂ ಅಪರಾಧ. ಶಿಕ್ಷೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ. 2022ರ ಡಿಸೆಂಬರಿನಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ನೀರಜ್ ದತ್ತಾ ತೀರ್ಪಿನಲ್ಲಿ ಇದನ್ನು ಮತ್ತೆ ಬಿಡಿಸಿ ಹೇಳಿತು. ಕೊಡುವವನು ತಾನಾಗಿ ಕೊಡಲು ಬಂದ, ನೌಕರ ತೆಗೆದುಕೊಂಡ. ಅಷ್ಟು ರುಜುವಾತಾದರೆ ಅಪರಾಧವಾಯಿತು. ನಾಲ್ಕನೆಯ ಸಲ ಡ್ರಾಯರ್ ಎಳೆದ ನಮ್ಮ ಸರ್ವೇಯರ್‌ಗೆ ಇದು ಕಹಿ ಸುದ್ದಿ.

ಆದರೂ ಗಾಳದ ವಾದಕ್ಕೆ ಬೆಲೆಯಿದೆ. ಬಹುತೇಕ ಟ್ರ್ಯಾಪ್ ಕೇಸುಗಳಲ್ಲಿ ಆರೋಪಪಟ್ಟಿ ಹೇಳುವುದು ‘ಕೇಳಿದ, ತೆಗೆದುಕೊಂಡ’ ಎಂದೇ. ಕೇಳಿದ್ದು ರುಜುವಾತಾಗದಿದ್ದರೆ ಆ ಕಟ್ಟಡದ ಬುನಾದಿಯೇ ಇರುವುದಿಲ್ಲ. ಇದು ತಿಳಿಯಬೇಕಾದರೆ ಟ್ರ್ಯಾಪ್ ನಡೆಯುವ ಬಗೆಯನ್ನು ಹತ್ತಿರದಿಂದ ನೋಡಬೇಕು.

ಫಿರ್ಯಾದಿ ದೂರು ಕೊಟ್ಟ ಮೇಲೆ ಎಫ್‌ಐಆರ್ ಆಗುತ್ತದೆ. ಇಬ್ಬರು ಪಂಚರನ್ನು, ಸಾಮಾನ್ಯವಾಗಿ ಬೇರೆ ಇಲಾಖೆಯ ನೌಕರರನ್ನು, ಠಾಣೆಗೆ ಕರೆಸುತ್ತಾರೆ. ನೋಟಿನ ನಂಬರುಗಳನ್ನು ಬರೆದುಕೊಂಡು, ಅವಕ್ಕೆ ಫಿನಾಫ್ತಲೀನ್ ಎಂಬ ಬಿಳಿ ಪುಡಿ ಸವರುತ್ತಾರೆ. ಆ ನೋಟು ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿದರೆ ನೀರು ಗುಲಾಬಿಯಾಗುತ್ತದೆ; ಪಂಚರ ಎದುರಿಗೆ ಇದನ್ನು ಮಾಡಿ ತೋರಿಸುತ್ತಾರೆ. ಫಿರ್ಯಾದಿಯ ಜೇಬಿನಲ್ಲಿ ನೋಟು, ಮೈಮೇಲೆ ಎಲ್ಲೋ ಒಂದು ವಾಯ್ಸ್ ರೆಕಾರ್ಡರ್. ಒಬ್ಬ ಪಂಚ ಆತನ ಜೊತೆಗೇ ಹೋಗಿ ನೋಡಬೇಕು, ಕೇಳಿಸಿಕೊಳ್ಳಬೇಕು. ಹೊರಡುವ ಮೊದಲು ಬರೆಯುವ ಮಹಜರಿನಲ್ಲಿ ಒಂದು ಸೂಚನೆ ಇರುತ್ತದೆ: ಆರೋಪಿ ಕೇಳಿದರೆ ಮಾತ್ರ ಹಣ ಕೊಡಬೇಕು. ಮೇಲೆ ಹೇಳಿದ ತೀರ್ಪುಗಳೆಲ್ಲ ಆ ಒಂದು ಸಾಲಿನಲ್ಲಿ ಅಡಗಿ ಕೂತಿವೆ. ಹಣ ಕೈಸೇರಿದ ಮೇಲೆ ಸನ್ನೆ, ಪೊಲೀಸರ ಪ್ರವೇಶ, ಕೈ ತೊಳೆಸುವುದು, ಎರಡನೆಯ ಮಹಜರು. ಬಾಟಲಿಗಳು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತವೆ.

ಗುಲಾಬಿ ನೀರಿನ ಫೋಟೊ ನೋಡಿದವರಿಗೆ ಕೇಸು ಮುಗಿಯಿತೆನಿಸುತ್ತದೆ. ಆದರೆ ಆ ಬಣ್ಣ ಹೇಳುವುದು ಕೈಗೆ ಪುಡಿ ತಗುಲಿತು ಎಂದಷ್ಟೇ. ಬಾಯಿ ಏನು ಕೇಳಿತೆಂದು ಅದು ಹೇಳಲಾರದು. ನೋಟು ಸಿಕ್ಕಿದ ಮಾತ್ರಕ್ಕೆ ಶಿಕ್ಷೆ ಕೊಡುವಂತಿಲ್ಲ, ಬೇಡಿಕೆ ರುಜುವಾತಾಗಲೇಬೇಕು ಎಂದು 2014ರ ಬಿ. ಜಯರಾಜ್ ತೀರ್ಪು ಹೇಳಿತು. ಕಾಯ್ದೆಯ 20ನೇ ಸೆಕ್ಷನ್ ಆರೋಪಿಯ ವಿರುದ್ಧ ಒಂದು ಊಹೆಗೆ ಅವಕಾಶ ಕೊಡುತ್ತದೆ ನಿಜ, ಅದೂ ತೆಗೆದುಕೊಂಡದ್ದು ರುಜುವಾತಾದ ಮೇಲೆ. ನೀರಜ್ ದತ್ತಾ ಪ್ರಕರಣದ್ದೇ ಕಥೆ ಕೇಳಿ. ದೆಹಲಿಯ ವಿದ್ಯುತ್ ಮಂಡಳಿಯ ನೌಕರೆ, ಅಂಗಡಿಯ ಮೀಟರಿಗಾಗಿ ಲಂಚ ಕೇಳಿದರೆಂಬ ಆರೋಪ; ಸಾಕ್ಷಿ ಹೇಳುವ ಮೊದಲೇ ಫಿರ್ಯಾದಿ ತೀರಿಕೊಂಡಿದ್ದರು. ಫಿರ್ಯಾದಿ ಸತ್ತರೂ, ತಿರುಗಿಬಿದ್ದರೂ ಬೇರೆ ಸಾಕ್ಷ್ಯದಿಂದ ಬೇಡಿಕೆಯನ್ನು ರುಜುವಾತುಪಡಿಸಬಹುದು ಎಂದು ಸಂವಿಧಾನ ಪೀಠ ಹೇಳಿತು. ಆದರೆ 2023ರ ಮಾರ್ಚಿನಲ್ಲಿ ಅದೇ ಪ್ರಕರಣ ಇಬ್ಬರು ನ್ಯಾಯಮೂರ್ತಿಗಳ ಮುಂದೆ ಬಂದಾಗ ಬೇಡಿಕೆಗೆ ಸಾಕ್ಷ್ಯ ಸಾಲದೆ ಆಕೆ ಖುಲಾಸೆಯಾದರು.

ಆದ್ದರಿಂದ ದೂರು ಕೊಡುವವರು ಬಣ್ಣದ ಮೇಲೆ ಭರವಸೆ ಇಡಬೇಡಿ, ಮಾತಿನ ಮೇಲೆ ಇಡಿ. ಮೊತ್ತವನ್ನು ನೀವಾಗಿ ಬಾಯಿಬಿಡಬೇಡಿ. ‘ಎಷ್ಟಾಗುತ್ತೆ ಸಾರ್’ ಎಂದು ಅವಸರಪಟ್ಟು ಕೇಳುವುದೂ ಬೇಡ. ಅರ್ಜಿಯ ಪ್ರತಿ, ಸ್ವೀಕೃತಿ ಚೀಟಿ, ಹಿಂಬರಹ ಎಲ್ಲವನ್ನೂ ಠಾಣೆಗೆ ಒಯ್ಯಿರಿ. ಕೆಲಸ ಆ ನೌಕರನ ಬಳಿಯೇ ಬಾಕಿಯಿತ್ತು ಎಂಬುದು ಮುಖ್ಯ. ಬಾಕಿ ಕೆಲಸವೇ ಇರಲಿಲ್ಲವೆಂದು ಕರ್ನಾಟಕ ಹೈಕೋರ್ಟ್ ಟ್ರ್ಯಾಪ್ ಕೇಸುಗಳನ್ನು ರದ್ದುಪಡಿಸಿದ್ದುಂಟು. ಫೋನಿನಲ್ಲಿ ಸಂಭಾಷಣೆ ದಾಖಲಾಗಿದ್ದರೆ ವಾಟ್ಸ್‌ಆ್ಯಪಿಗೆ ಕಳಿಸಿ ಮೂಲವನ್ನು ಅಳಿಸಬೇಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಕೇಳುವ ಪ್ರಮಾಣಪತ್ರಕ್ಕೆ ಆ ಮೂಲ ಫೋನೇ ಆಧಾರ. ಎಫ್‌ಐಆರ್ ಪ್ರತಿ ನಿಮಗೆ ಉಚಿತವಾಗಿ ಸಿಗಬೇಕು. 2016ರಿಂದ ಇದ್ದ ಭ್ರಷ್ಟಾಚಾರ ನಿಗ್ರಹ ದಳವನ್ನು (ಎಸಿಬಿ) ಹೈಕೋರ್ಟ್ 2022ರ ಆಗಸ್ಟಿನಲ್ಲಿ ರದ್ದುಮಾಡಿದ ಮೇಲೆ ನಮ್ಮ ರಾಜ್ಯದಲ್ಲಿ ಈ ದೂರುಗಳು ಮತ್ತೆ ಲೋಕಾಯುಕ್ತ ಪೊಲೀಸರಿಗೇ ಹೋಗುತ್ತವೆ. ಸ್ಥಳದಲ್ಲೇ ಹಿಡಿಯುವ ಟ್ರ್ಯಾಪಿಗೆ ಭ್ರಷ್ಟಾಚಾರ ನಿಗ್ರಹ ಕಾಯ್ದೆಯ 17ಎ ಸೆಕ್ಷನ್ನಿನ ಪೂರ್ವಾನುಮತಿ ಬೇಕಾಗಿಲ್ಲ. ‘ಮೇಲಿನಿಂದ ಅನುಮತಿ ಬರಲಿ’ ಎಂದು ಯಾರಾದರೂ ಹೇಳಿದರೆ ಇದನ್ನು ನೆನಪಿಸಿ.

ಇನ್ನು, ತನ್ನನ್ನು ಸಿಕ್ಕಿಸಿದರು ಎನ್ನುವ ನೌಕರನಿಗೆ ಎರಡು ಮಾತು. ಟ್ರ್ಯಾಪ್ ಆದ ಗಳಿಗೆಯಲ್ಲೇ ತನಿಖಾಧಿಕಾರಿ ನಿಮ್ಮ ಸಮಜಾಯಿಷಿ ಕೇಳಿ ಮಹಜರಿನಲ್ಲಿ ಬರೆಯುವುದುಂಟು. ಅಲ್ಲಿ ಹೇಳದ ಕಥೆಯನ್ನು ಎರಡು ವರ್ಷದ ನಂತರ ಕಟಕಟೆಯಲ್ಲಿ ಹೇಳಿದರೆ ಯಾರೂ ಸುಲಭವಾಗಿ ನಂಬುವುದಿಲ್ಲ. ಹಾಗೆಂದು ಗಾಬರಿಯಲ್ಲಿ ಬಾಯಿಗೆ ಬಂದದ್ದನ್ನು ಹೇಳುವುದು ಅದಕ್ಕಿಂತ ಅಪಾಯ. ಕೊಟ್ಟ ಸಾಲ ವಾಪಸ್ಸು ಬಂತು ಎಂದು ಸುಳ್ಳು ಹೇಳಿ ಸಿಕ್ಕಿಬಿದ್ದವರಿದ್ದಾರೆ. ಸುಮ್ಮನಿರುವ ಹಕ್ಕು ಸಂವಿಧಾನದ 20(3)ನೇ ವಿಧಿಯಲ್ಲಿದೆ. ಬಂಧಿಸಿದರೆ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಶೋಧ ಮತ್ತು ವಶಪಡಿಸಿಕೊಳ್ಳುವಿಕೆಯ ವಿಡಿಯೊ ಆಗಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 105ನೇ ಸೆಕ್ಷನ್ ಹೇಳುತ್ತದೆ. ಅದರ ಪ್ರತಿ ಕೇಳಿ. ಕಚೇರಿಯ ಸಿಸಿಟಿವಿ ದೃಶ್ಯ ಕೆಲವೇ ವಾರದಲ್ಲಿ ತಾನಾಗಿ ಅಳಿಸಿಹೋಗುತ್ತದೆ, ಕಾಪಾಡಿಡಲು ವಕೀಲರ ಮೂಲಕ ಕೂಡಲೇ ಅರ್ಜಿ ಹಾಕಿಸಿ. ಮೊದಲ ಕರೆ ಯಾರಿಂದ ಯಾರಿಗೆ ಹೋಯಿತು, ಎಷ್ಟು ಸಲ ಹೋಯಿತು ಎಂಬ ಕರೆ ವಿವರವಂತೂ ಗಾಳದ ವಾದಕ್ಕೆ ಚಿನ್ನದಂಥದ್ದು.

ಕೈಯಲ್ಲಿ ಮೊಬೈಲ್ ಇರುವ ಪ್ರತಿಯೊಬ್ಬನೂ ಈಗ ಪತ್ತೇದಾರ. ತಾನೇ ನೋಟು ಕೊಟ್ಟು, ತಾನೇ ವಿಡಿಯೊ ಮಾಡಿ, ಜಾಲತಾಣಕ್ಕೆ ಏರಿಸುವವರಿಗೆ ಎಚ್ಚರಿಕೆ ಹೇಳಲೇಬೇಕು. 2003ರಲ್ಲಿ ಕೇಂದ್ರ ಸಚಿವರೊಬ್ಬರು ಹಣ ಪಡೆಯುವ ರಹಸ್ಯ ವಿಡಿಯೊ ದೇಶವನ್ನೇ ಬೆಚ್ಚಿಬೀಳಿಸಿತ್ತು. ಅದನ್ನು ಮಾಡಿದವರ ಮೇಲೂ ಕೇಸು ಬಿತ್ತು. ಸಾರ್ವಜನಿಕ ಹಿತಕ್ಕಾಗಿ ಮಾಡಿದೆವು ಎಂದ ಮಾತ್ರಕ್ಕೆ ಅಪರಾಧ ಅಳಿಸಿಹೋಗದು ಎಂದ ಸುಪ್ರೀಂ ಕೋರ್ಟ್, 2014ರ ರಜತ್ ಪ್ರಸಾದ್ ತೀರ್ಪಿನಲ್ಲಿ ಅವರ ಮೇಲಿನ ವಿಚಾರಣೆಯನ್ನು ಕೈಬಿಡಲು ಒಪ್ಪಲಿಲ್ಲ. 2007ರಲ್ಲಿ ಖಾಸಗಿ ವಾಹಿನಿಯೊಂದರ ನಕಲಿ ಸ್ಟಿಂಗಿನಿಂದ ದೆಹಲಿಯ ಶಿಕ್ಷಕಿಯೊಬ್ಬರ ಮೇಲೆ ಜನರ ಗುಂಪೇ ಮುಗಿಬಿತ್ತು. ಆಮೇಲೆ ಆಪಾದನೆ ಸುಳ್ಳೆಂದು ಹೊರಬಂತು. ಸ್ಟಿಂಗ್ ಮಾಡುವವರು ಯಾರನ್ನೂ ತಪ್ಪಿಗೆ ಪ್ರೇರೇಪಿಸಬಾರದು ಎಂದು ದೆಹಲಿ ಹೈಕೋರ್ಟ್ ಆಗ ಸ್ಪಷ್ಟವಾಗಿ ಹೇಳಿತು.

ಲಂಚ ಕೊಡುವುದೂ ಅಪರಾಧ ಎಂದು ಭ್ರಷ್ಟಾಚಾರ ನಿಗ್ರಹ ಕಾಯ್ದೆಯ 2018ರ ತಿದ್ದುಪಡಿ 8ನೇ ಸೆಕ್ಷನ್ನಿನಲ್ಲಿ ಬರೆದಿದೆ. ಶಿಕ್ಷೆ 7 ವರ್ಷದವರೆಗೂ ಹೋಗಬಹುದು. ಮೊದಲು ಪೊಲೀಸರಿಗೆ ತಿಳಿಸಿ, ಅವರಿಗೆ ನೆರವಾಗಲು ಹಣ ಕೊಟ್ಟವರಿಗೆ ಈ ಸೆಕ್ಷನ್ ಅನ್ವಯಿಸುವುದಿಲ್ಲ. ಬಲವಂತಕ್ಕೆ ಸಿಕ್ಕಿ ಈಗಾಗಲೇ ಕೊಟ್ಟುಬಿಟ್ಟಿದ್ದರೂ ರಕ್ಷಣೆ ಇದೆ, ಆದರೆ 7 ದಿನದೊಳಗೆ ದೂರು ಕೊಡಬೇಕು. ಆ 7 ದಿನದ ಎಣಿಕೆ ನಿಮ್ಮ ಕೆಲಸ ಆಗದೇ ಹೋದ ದಿನದಿಂದ ಅಲ್ಲ, ಹಣ ಕೊಟ್ಟ ದಿನದಿಂದ ಶುರುವಾಗುತ್ತದೆ.