ಜವಾನರ ಮುಂದೆ ಸಾಹೇಬರ ಮಾತು

ಪ್ರಶ್ನೆ: ನನ್ನ ಮಗ ಸೇನಾಧಿಕಾರಿಯಾಗಬೇಕೆಂದು ತಯಾರಿ ನಡೆಸಿದ್ದಾನೆ. ಮನೆಯಲ್ಲಿ ಕನ್ನಡ, ಹೊರಗೆ ತೆಲುಗು. ಸೈನಿಕರ ಮುಂದೆ ಮಾತಾಡುವುದನ್ನು ಅಧಿಕಾರಿಗಳು ಎಲ್ಲಿ ಕಲಿಯುತ್ತಾರೆ? ಅವರಿಗೆ ಭಾಷಣ ಬರೆದುಕೊಡುವವರು ಇರುತ್ತಾರೆಯೇ?
– ಓದುಗರು, ಕೋಸಿಗಿ (ಆದವಾನಿ)

ಉತ್ತರ: ದೊಡ್ಡ ಸಮಾರಂಭದ ಭಾಷಣವಾದರೆ ಕರಡು ಸಿದ್ಧಪಡಿಸಲು ಸಿಬ್ಬಂದಿ ಇರುತ್ತಾರೆ. ಆದರೆ ಪಲ್ಟನ್ನಿನ ಮಾತೇ ಬೇರೆ. ಅಲ್ಲಿ ‘ಸೈನಿಕ ಸಮ್ಮೇಳನ’ ಎಂಬುದು ನಡೆಯುತ್ತದೆ. ಹಳಬರು ಅದನ್ನು ದರ್ಬಾರ್ ಎನ್ನುತ್ತಿದ್ದರು. ಕಮಾಂಡಿಂಗ್ ಆಫೀಸರ್ ಎಲ್ಲ ದರ್ಜೆಯವರನ್ನೂ ಎದುರು ಕೂರಿಸಿಕೊಂಡು ಮಾತಾಡುತ್ತಾರೆ, ಜವಾನರು ಅಹವಾಲು ಹೇಳಿಕೊಳ್ಳುತ್ತಾರೆ. ಅಲ್ಲಿ ಸಾಹೇಬರಿಗೆ ಬಲಗೈ ಸುಬೇದಾರ್ ಮೇಜರ್. ಲಂಗರಿನ ಊಟದ ಬಗ್ಗೆ ಏನು ಗೊಣಗಾಟವಿದೆ, ರಜೆ ಸಿಗದೆ ಯಾರು ನೊಂದಿದ್ದಾರೆ ಎಂಬುದು ಅವರಿಗೆ ಗೊತ್ತಿರುತ್ತದೆ. ಅಲಂಕಾರದ ಸಾಲು ಹೊಸೆದುಕೊಡುವವರಿಗಿಂತ ಈ ಸುದ್ದಿ ತಿಳಿಸುವವರೇ ಭಾಷಣಕ್ಕೆ ದೊಡ್ಡ ನೆರವು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಎರಡನೇ ಮಹಾಯುದ್ಧದಲ್ಲಿ ಬರ್ಮಾ ರಂಗದ 14ನೇ ಸೇನೆಯನ್ನು ನಡೆಸಿದ ಜನರಲ್ ವಿಲಿಯಂ ಸ್ಲಿಮ್ ಇದನ್ನು ಚೆನ್ನಾಗಿ ಅರಿತಿದ್ದರು. ಸೋತು ಹಿಂದೆ ಬಂದಿದ್ದ ಸೇನೆಯನ್ನು ಮತ್ತೆ ಎದ್ದು ನಿಲ್ಲಿಸಬೇಕಿತ್ತು. ಸೈನಿಕರಲ್ಲಿ ಬಹುಪಾಲು ನಮ್ಮ ದೇಶದವರೇ. ಸ್ಲಿಮ್ ತುಕಡಿಯಿಂದ ತುಕಡಿಗೆ ಹೋಗಿ, ಜೀಪಿನ ಬಾನೆಟ್ ಮೇಲೆ ನಿಂತು ಇಂಗ್ಲಿಷ್, ಉರ್ದು, ಗೂರ್ಖಾಲಿಗಳಲ್ಲಿ ಮಾತಾಡುತ್ತಿದ್ದರು. ಮಾತಿನ ಹೆಚ್ಚು ಪಾಲು ಊಟ, ಸಂಬಳ, ರಜೆ, ಮನೆಯಿಂದ ಬರುವ ಕಾಗದ, ಯುದ್ಧ ಎಲ್ಲಿಗೆ ಬಂತು ಎಂಬ ವಿವರ. ಧ್ಯೇಯ, ಆದರ್ಶದ ಮಾತು ಕೊನೆಗೆ ಸ್ವಲ್ಪ. ವಾಗ್ಮಿಯಾಗಬೇಕಿಲ್ಲ, ಹೇಳುವ ವಿಷಯ ಗೊತ್ತಿರಬೇಕು, ಅದರಲ್ಲಿ ತನಗೇ ನಂಬಿಕೆಯಿರಬೇಕು ಎಂದು ಅವರು ಮುಂದೆ ಬರೆದುಕೊಂಡರು. ಹೊಟ್ಟೆಯ ವಿಚಾರ ಮೊದಲು, ದೇಶದ ವಿಚಾರ ಆಮೇಲೆ ಎಂಬ ಈ ಕ್ರಮವನ್ನು ನಿಮ್ಮ ಮಗ ಮನಸ್ಸಿನಲ್ಲಿಟ್ಟುಕೊಳ್ಳಲಿ.

ಭಾಷೆಯ ಅಳುಕು ಬೇಡ. 1949ರ ಜನವರಿ 15ರಂದು ಭಾರತೀಯ ಸೇನೆಯ ದಂಡನಾಯಕರಾದ ನಮ್ಮ ಕೊಡಗಿನ ಕೆ.ಎಂ. ಕಾರ್ಯಪ್ಪನವರಿಗೆ ಹಿಂದುಸ್ತಾನಿ ಸಲೀಸಾಗಿರಲಿಲ್ಲ. ಅವರ ಹಿಂದಿಯ ಕಥೆಗಳು ಫೌಜಿನಲ್ಲಿ ಇಂದಿಗೂ ಓಡಾಡುತ್ತವೆ. ಹಾಗೆಂದು ಅವರ ಮೇಲಿನ ಗೌರವ ಕಿಂಚಿತ್ತೂ ಕಡಿಮೆಯಾಗಲಿಲ್ಲ. 1986ರಲ್ಲಿ ಫೀಲ್ಡ್ ಮಾರ್ಷಲ್ ಪದವಿಯೂ ಬಂತು.

ಕಲಿಕೆಯ ವಿಷಯಕ್ಕೆ ಬಂದರೆ, ಆಯ್ಕೆಯ ಹಂತದಲ್ಲೇ ಪರೀಕ್ಷೆಯಿದೆ. ಸೇನಾಧಿಕಾರಿಗಳನ್ನು ಆರಿಸುವ ಎಸ್‌ಎಸ್‌ಬಿಯಲ್ಲಿ ಇದನ್ನು ‘ಲೆಕ್ಚರೆಟ್’ ಎಂದು ಕರೆಯುತ್ತಾರೆ. ಕೈಗೊಂದು ಚೀಟಿ ಕೊಡುತ್ತಾರೆ, ಅದರಲ್ಲಿ ನಾಲ್ಕು ವಿಷಯ. ಒಂದನ್ನು ಆರಿಸಿಕೊಂಡು ಮೂರು ನಿಮಿಷ ಯೋಚಿಸಿ, ಗುಂಪಿನೆದುರು ಮೂರು ನಿಮಿಷ ಮಾತಾಡಬೇಕು. ಬಾಯಿಪಾಠ ಇಲ್ಲಿ ನಡೆಯದು. ದಿನವೂ ಪತ್ರಿಕೆಯ ಒಂದು ಸುದ್ದಿ ಆರಿಸಿಕೊಂಡು, ಗಡಿಯಾರ ಮುಂದಿಟ್ಟು, ಮನೆಯವರ ಎದುರು ಅವನನ್ನು ನಿಲ್ಲಿಸಿ ಮಾತಾಡಿಸಿ. ಹುಬ್ಬು ಗಂಟಿಕ್ಕಿ ಕೇಳುವ ಅಜ್ಜನೊಬ್ಬರಿದ್ದರೆ ಇನ್ನೂ ಒಳ್ಳೆಯದು.

1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇದ್ದ ಆದವಾನಿ ಸೀಮೆಯ ಹುಡುಗರಿಗೆ ಭಾಷೆಯ ವಿಷಯದಲ್ಲಿ ಒಂದು ಅನುಕೂಲವೂ ಇದೆ: ಪೇಟೆಯಲ್ಲಿ ಕಿವಿಗೆ ಬೀಳುವ ದಖನಿ ಉರ್ದು. ಫೌಜಿನ ಹಿಂದುಸ್ತಾನಿಗೆ ಅದು ದೂರದ್ದಲ್ಲ. ಮಾರುಕಟ್ಟೆಗೆ ಹೋದಾಗ ನಿಮ್ಮ ಮಗ ಸಂಕೋಚ ಬಿಟ್ಟು ಅದರಲ್ಲೇ ವ್ಯವಹರಿಸಲಿ. ತಪ್ಪಿದರೆ ಅಂಗಡಿಯವರೇ ತಿದ್ದುತ್ತಾರೆ.