ನಾಲ್ವರಿಗೆ ನಾಲ್ವರು: ಶಾಲಾ ಮಕ್ಕಳ ಫುಟ್‌ಬಾಲ್ ಅಭ್ಯಾಸಕ್ಕೊಂದು ಕ್ರಮ

ಶಾಲೆಯ ವೇಳಾಪಟ್ಟಿಯಲ್ಲಿ ಆಟದ ಅವಧಿ ಎಲ್ಲ ಮಕ್ಕಳಿಗೂ ಸೇರಿದ್ದು. ಆದರೆ ಆ ಅವಧಿಯಲ್ಲಿ ಎಲ್ಲ ಮಕ್ಕಳೂ ಆಡುತ್ತಾರೆಯೇ ಎಂಬುದು ವಿಚಾರಾರ್ಹವಾದ ಪ್ರಶ್ನೆ. 40 ವಿದ್ಯಾರ್ಥಿಗಳ ತರಗತಿಯೊಂದನ್ನು ಮೈದಾನಕ್ಕೆ ಕರೆತಂದು, ಒಂದೇ ಚೆಂಡು ಕೊಟ್ಟು, ಪಕ್ಷಕ್ಕೆ 11 ಮಂದಿಯಂತೆ ಫುಟ್‌ಬಾಲ್ ಆಡಿಸಿದರೆ 18 ಮಂದಿ ಮೊದಲಿಗೇ ಪ್ರೇಕ್ಷಕರಾಗುತ್ತಾರೆ. ಅಂಗಣದೊಳಗಿನ 22 ಮಂದಿಯಲ್ಲಿಯೂ ಚೆಂಡು ಸುತ್ತುವುದು ಹೆಚ್ಚಾಗಿ ಬಲಿಷ್ಠರಾದ ಐದಾರು ಮಂದಿಯ ಕಾಲುಗಳಲ್ಲಿ. ಉಳಿದವರು ಓಡುತ್ತಾರೆ, ಕೂಗುತ್ತಾರೆ. ಗಂಟೆ ಬಾರಿಸಿದಾಗ ಚೆಂಡನ್ನು ಒಮ್ಮೆಯೂ ಮುಟ್ಟದೆ ತರಗತಿಗೆ ಮರಳುವ ಮಗುವೂ ಇರುತ್ತದೆ. ಊಟದ ಸಾಲಿನಲ್ಲಿ ಕೆಲವರಿಗೆ ಬಡಿಸಿ ಕೆಲವರನ್ನು ಬಿಟ್ಟರೆ ಯಾವ ಶಾಲೆಯೂ ಸಹಿಸದು. ಚೆಂಡಿನ ವಿಷಯದಲ್ಲಿ ಮಾತ್ರ ಈ ಪಂಕ್ತಿಭೇದ ಯಾರ ಕಣ್ಣಿಗೂ ಬೀಳದೆ ನಡೆದುಕೊಂಡು ಬರುತ್ತದೆ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ದೊಡ್ಡ ಆಟವನ್ನು ಹಲವು ಚಿಕ್ಕ ಆಟಗಳಾಗಿ ಒಡೆಯಬೇಕು. 40 ನಿಮಿಷಗಳ ಅವಧಿಯಲ್ಲಿ 40 ಮಕ್ಕಳಿಗೆ ಒಂದು ಚೆಂಡಾದರೆ, ಅದು ಒಂದು ಕ್ಷಣವೂ ನಿಲ್ಲದೆ ಉರುಳಿದರೂ ಒಬ್ಬೊಬ್ಬರ ಪಾಲಿಗೆ ಬರುವುದು ಸರಾಸರಿ ಒಂದು ನಿಮಿಷ. ಎಂಟು ಮಂದಿಗೆ ಒಂದರಂತೆ ಐದು ಚೆಂಡುಗಳಿದ್ದು, ವಿಶ್ರಾಂತಿ ಮತ್ತು ಸೂಚನೆಗಳ ಕಾಲವನ್ನು ಕಳೆದು 26 ನಿಮಿಷ ಮಾತ್ರ ಆಡಿದರೂ ಆ ಪಾಲು ಮೂರು ನಿಮಿಷಗಳನ್ನು ಮೀರುತ್ತದೆ.

ಹಿನ್ನೆಲೆ

ಚಿಕ್ಕ ಪಕ್ಷಗಳ ಆಟ ನಮ್ಮವರಿಗೆ ಹೊಸದಲ್ಲ. ಕಬಡ್ಡಿಯಲ್ಲಿ ಪಕ್ಷಕ್ಕೆ ಏಳೇ ಮಂದಿ. ಫುಟ್‌ಬಾಲಿನಲ್ಲಿಯೂ ಇದಕ್ಕೆ ಇತಿಹಾಸವಿದೆ. 1930ರಲ್ಲಿ ಉರುಗ್ವೆಯ ಮೊಂಟೆವಿಡಿಯೊ ನಗರದಲ್ಲಿ ಹುವಾನ್ ಕಾರ್ಲೋಸ್ ಸೆರಿಯಾನಿ ಎಂಬ ಶಿಕ್ಷಕರು ಒಳಾಂಗಣಕ್ಕೆ ಹೊಂದುವಂತೆ ಪಕ್ಷಕ್ಕೆ ಐವರ ಆಟವನ್ನು ರೂಪಿಸಿದರು. ಇಂದಿನ ಫುಟ್ಸಾಲ್ ಅದರಿಂದ ಬೆಳೆದದ್ದು. ನೆದರ್ಲೆಂಡ್ಸಿನಲ್ಲಿ ಮಕ್ಕಳ ಬೀದಿಯಾಟ ಮರೆಯಾಗುತ್ತ ಬಂದಾಗ, ಅದರ ಗುಣಗಳನ್ನು ಉಳಿಸಿಕೊಳ್ಳಲು ಅಲ್ಲಿನ ತರಬೇತುದಾರರು 1980ರ ದಶಕದಲ್ಲಿ ನಾಲ್ವರಿಗೆ ನಾಲ್ವರ ಆಟವನ್ನು ಬಳಕೆಗೆ ತಂದರು. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯು 2012ರಲ್ಲಿ ಮಕ್ಕಳ ಪಂದ್ಯಗಳನ್ನು ವಯಸ್ಸಿಗನುಸಾರ ಪಕ್ಷಕ್ಕೆ 5, 7 ಮತ್ತು 9 ಮಂದಿಯಂತೆ ಮರುವಿಂಗಡಿಸಲು ತೀರ್ಮಾನಿಸಿತು.

ನಾಲ್ವರೇ ಏಕೆ?

ಚೆಂಡು ಹಿಡಿದವನಿಗೆ ಮುಂದೆ ಒಬ್ಬ, ಎಡಕ್ಕೆ ಒಬ್ಬ, ಬಲಕ್ಕೆ ಒಬ್ಬ ಜೊತೆಗಾರರಿದ್ದರೆ ಆಟಕ್ಕೆ ಉದ್ದವೂ ಅಗಲವೂ ದೊರೆಯುತ್ತವೆ. ಇಬ್ಬರಿದ್ದರೆ ಒಂದೇ ದಾರಿ, ಮೂವರಿದ್ದರೆ ಎರಡು. ನಾಲ್ವರಿದ್ದಾಗ ಮೂರು ದಾರಿಗಳು ತೆರೆದು, ಆರಿಸಿಕೊಳ್ಳುವ ಹೊಣೆ ಮಗುವಿನ ಮೇಲೆ ಬೀಳುತ್ತದೆ. ಆದುದರಿಂದ ದೊಡ್ಡ ಆಟದ ಮುಖ್ಯ ಸಮಸ್ಯೆಗಳೆಲ್ಲ ಉಳಿದುಕೊಂಡು, ಅವುಗಳ ಗೊಂದಲ ಮಾತ್ರ ಕಡಿಮೆಯಾಗುವ ಸಂಖ್ಯೆ ನಾಲ್ಕು. ನಾಲ್ವರೂ ಗಾಳಿಪಟದ ನಾಲ್ಕು ಮೂಲೆಗಳಂತೆ ಹರಡಿ ನಿಲ್ಲುವುದೇ ಇಲ್ಲಿನ ಮೊದಲ ಪಾಠ.

ಅಂಗಣ ಮತ್ತು ನಿಯಮಗಳು

30 ಮೀಟರ್ ಉದ್ದ, 20 ಮೀಟರ್ ಅಗಲದ ಅಂಗಣ ಸಾಕು. ಇಂಥ ಐದು ಅಂಗಣಗಳನ್ನು ಪಕ್ಕಪಕ್ಕದಲ್ಲಿ ಗುರುತಿಸಿದರೆ, 105 ಮೀಟರ್ ಉದ್ದ, 68 ಮೀಟರ್ ಅಗಲದ ಪೂರ್ಣ ಮೈದಾನದ ಅರ್ಧ ಭಾಗದಲ್ಲಿಯೇ ಅಡಕವಾಗುತ್ತವೆ. ಎರಡು ತುದಿಗಳಲ್ಲಿ ಎರಡೆರಡು ಮೀಟರ್ ಅಗಲದ ಗೋಲುಗಳಿರಲಿ. 8ರಿಂದ 12 ವರ್ಷದ ಮಕ್ಕಳಿಗೆ 4ನೇ ಅಳತೆಯ ಚೆಂಡು ಯೋಗ್ಯ. ಗೋಲ್‌ಕೀಪರ್ ಇಲ್ಲ, ಆಫ್‌ಸೈಡ್ ಇಲ್ಲ. ಗೆರೆ ದಾಟಿದ ಚೆಂಡನ್ನು ಕಾಲಿನಿಂದಲೇ ಒಳಗೆ ತರಬೇಕು. ಎದುರಾಳಿಗಳು ಮೂರು ಮೀಟರ್ ದೂರ ನಿಲ್ಲಬೇಕು. ಮೊಣಕಾಲಿಗಿಂತ ಎತ್ತರದಲ್ಲಿ ಹೋದ ಚೆಂಡು ಗೋಲಾಗದು. ಈ ಕೊನೆಯ ನಿಯಮದಿಂದ ಚೆಂಡು ನೆಲದ ಮೇಲೆಯೇ ಉಳಿಯುತ್ತದೆ, ಎಳೆಯರ ತಲೆಗೂ ರಕ್ಷಣೆ ದೊರೆಯುತ್ತದೆ.

ಅವಧಿಯ ಹಂಚಿಕೆ

ಮೊದಲ ಮೂರು ನಿಮಿಷಗಳಲ್ಲಿ ಮಕ್ಕಳನ್ನು ಎಂಟೆಂಟು ಮಂದಿಯ ಗುಂಪುಗಳಾಗಿ ವಿಂಗಡಿಸಬೇಕು. ಅನಂತರ ಆರು ನಿಮಿಷ ವರ್ತುಲಾಭ್ಯಾಸ: ಆರು ಮಂದಿ ಸುತ್ತ ನಿಂತು ಚೆಂಡನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತಿರುವಾಗ ನಡುವಿನ ಇಬ್ಬರು ಅದನ್ನು ತಡೆಯಲು ಯತ್ನಿಸುತ್ತಾರೆ, ಚೆಂಡು ಕಳೆದುಕೊಂಡವನು ನಡುವಿನ ಒಬ್ಬನ ಸ್ಥಳಕ್ಕೆ ಬರುತ್ತಾನೆ. ಸ್ಪೇನಿನಲ್ಲಿ ಇದಕ್ಕೆ ‘ರೊಂಡೊ’ ಎಂದು ಹೆಸರು. 1988ರಿಂದ 1996ರವರೆಗೆ ಬಾರ್ಸಿಲೋನಾ ತಂಡದ ತರಬೇತುದಾರರಾಗಿದ್ದ ಯೋಹಾನ್ ಕ್ರೈಫ್ ಇದಕ್ಕೆ ಹೆಚ್ಚಿನ ಮಹತ್ವ ಕೊಟ್ಟಿದ್ದರು.

ಮುಂದೆ ಐದೈದು ನಿಮಿಷಗಳ ನಾಲ್ಕು ಆಟಗಳು, ನಡುನಡುವೆ ಎರಡೆರಡು ನಿಮಿಷಗಳ ವಿಶ್ರಾಂತಿ. ಪ್ರತಿ ಆಟದ ಕೊನೆಯಲ್ಲಿ ಗೆದ್ದ ಪಕ್ಷವು ಬಲಗಡೆಯ ಅಂಗಣಕ್ಕೂ ಸೋತ ಪಕ್ಷವು ಎಡಗಡೆಯ ಅಂಗಣಕ್ಕೂ ಸರಿಯಬೇಕು. ತುದಿಯ ಅಂಗಣಗಳಲ್ಲಿ ಸರಿಯಲು ಸ್ಥಳವಿಲ್ಲದ ಪಕ್ಷ ಅಲ್ಲಿಯೇ ಉಳಿಯಲಿ. ಎರಡು ಮೂರು ಆಟಗಳಲ್ಲಿ ಸಮಬಲರಿಗೆ ಸಮಬಲರು ಎದುರಾಗುತ್ತಾರೆ. ಯಾರೂ ಆಟದಿಂದ ಹೊರಬೀಳುವುದಿಲ್ಲ; ಪ್ರತಿದಿನವೂ ಸೋಲುವವರೆಂಬ ಗುಂಪು ಉಳಿಯುವುದಿಲ್ಲ. ಮೂರನೆಯ ಆಟದಲ್ಲಿ, ನಾಲ್ವರೂ ಮುಟ್ಟಿದ ಚೆಂಡು ಗೋಲಾದರೆ ಎರಡು ಅಂಕ ಎಂಬ ನಿಯಮ ಸೇರಿಸಬಹುದು. ಆಗ ಬಲಿಷ್ಠನೇ ಅಂಜುಬುರುಕನನ್ನು ಹೆಸರು ಹಿಡಿದು ಕೂಗಿ ಚೆಂಡು ಕೊಡುತ್ತಾನೆ. ಉಪದೇಶದಿಂದ ಆಗದ ಕೆಲಸವನ್ನು ಒಂದು ನಿಯಮ ಮಾಡಿ ತೋರಿಸುತ್ತದೆ. ಉಳಿದ ಐದು ನಿಮಿಷಗಳು ಸಾಮಗ್ರಿ ಜೋಡಿಸುವುದಕ್ಕೆ ಮತ್ತು ಮಾತಿಗೆ.

ಶಿಕ್ಷಕರ ಪಾತ್ರ

ಆರಂಭದಲ್ಲಿ ಮಕ್ಕಳು ಬೆಲ್ಲಕ್ಕೆ ಇರುವೆ ಮುತ್ತಿದಂತೆ ಚೆಂಡಿಗೆ ಮುತ್ತುವುದು ಸಹಜ. ಅದನ್ನು ಕಂಡು ಪದೇ ಪದೇ ಸೀಟಿ ಊದಿ ಆಟವನ್ನು ನಿಲ್ಲಿಸುವುದು ಶಿಕ್ಷಕರಲ್ಲಿ ಕಾಣುವ ಸಾಮಾನ್ಯ ದೋಷ. ಆಟ ಸಾಗುತ್ತಿರುವಾಗ ನೋಡಬೇಕು, ವಿಶ್ರಾಂತಿಯಲ್ಲಿ ಒಂದೇ ಪ್ರಶ್ನೆ ಕೇಳಬೇಕು: “ಖಾಲಿ ಜಾಗ ಎಲ್ಲಿತ್ತು?” ಉತ್ತರವನ್ನು ಮಕ್ಕಳು ಮುಂದಿನ ಆಟದಲ್ಲಿ ಕಾಲುಗಳಿಂದ ಕೊಡುತ್ತಾರೆ.

ಮಿತಿ ಮತ್ತು ಫಲ

ಈ ಕ್ರಮಕ್ಕೆ ಮಿತಿಗಳೂ ಇವೆ. ದೂರದ ಪಾಸು, ಗೋಲ್‌ಕೀಪರನ ಕೌಶಲ, ಆಫ್‌ಸೈಡಿನ ಅರಿವು ಇದರಿಂದ ಬಾರವು. ಹದಿಮೂರು ಹದಿನಾಲ್ಕರ ವಯಸ್ಸಿಗೆ ಅಂಗಣವನ್ನೂ ಪಕ್ಷವನ್ನೂ ಕ್ರಮೇಣ ಹಿಗ್ಗಿಸುವುದು ಅವಶ್ಯಕ. ಆದರೆ ಅಂತರಶಾಲಾ ಪಂದ್ಯಗಳ ಆತುರದಲ್ಲಿ ಹತ್ತನೆಯ ವಯಸ್ಸಿಗೇ 11 ಮಂದಿಯನ್ನು ಆರಿಸಿ ಉಳಿದವರನ್ನು ಬದಿಗಿಡುವುದು ನಷ್ಟದ ವ್ಯವಹಾರ. ಆ ವಯಸ್ಸಿನಲ್ಲಿ ಗೆಲ್ಲುವುದು ಅನೇಕ ವೇಳೆ ಕೌಶಲವಲ್ಲ, ಬೇಗ ಬೆಳೆದ ದೇಹ. ತಡವಾಗಿ ಬೆಳೆಯುವ ಮಗುವಿಗೆ ಚೆಂಡಿನ ಒಡನಾಟ ಆ ಕೆಲವು ವರ್ಷಗಳಲ್ಲಿ ತಪ್ಪಿಹೋದರೆ, ಮುಂದೆ ಮೈಬಲ ಬಂದಾಗ ಆಟವೇ ಅದರ ಬಳಿ ಇರುವುದಿಲ್ಲ.

ಇದಕ್ಕೆ ಬೇಕಾದ ಸಾಮಗ್ರಿ ಐದು ಚೆಂಡು, ಗೋಲಿನ ಗುರುತಿಗೆ ಮರಳು ತುಂಬಿದ 20 ಪ್ಲಾಸ್ಟಿಕ್ ಬಾಟಲಿಗಳು, ಗೆರೆ ಎಳೆಯಲು ಸುಣ್ಣದ ಪುಡಿ, ಕಲ್ಲುಮುಳ್ಳು ಆರಿಸಿ ತೆಗೆದ ಅರ್ಧ ಮೈದಾನ. ದೊಡ್ಡ ಕ್ರೀಡಾಂಗಣ ಕಟ್ಟಲು ಶಕ್ತಿಯಿಲ್ಲದ ಶಾಲೆಯೂ ಇಷ್ಟನ್ನು ಒದಗಿಸಬಲ್ಲದು. ತಂಡಕ್ಕೆ ಸೇರುವವರು ಹನ್ನೊಂದೇ ಮಂದಿ ಇರಬಹುದು. ಚೆಂಡು ಮಾತ್ರ ನಲವತ್ತು ಮಂದಿಗೂ ಸಲ್ಲಬೇಕು.